ಎರಡಕ್ಷರದ ಏಟು

ನೆರೈದಾ ಸೂನಿಗಾಳ ಎಡಹುಬ್ಬನ್ನು ಎರಡು ಪಾಲು ಮಾಡಿರುವ ಗಾಯದ ಗುರುತು ಕಂಪ್ಯೂಟರಿನ ಮೌಸಿನಿಂದಾದದ್ದು ಎಂದರೆ ಹೊಸಬರು ನಗುತ್ತಾರೆ. ನಗಲಿ. ಅಂಗೈಯಲ್ಲಿ ಹಿಡಿಸುವ ಆ ಪ್ಲಾಸ್ಟಿಕ್ ತುಂಡನ್ನು ವೈರು ಹಿಡಿದು ಗಿರ್ರನೆ ತಿರುಗಿಸಿ ಬೀಸಿದರೆ ಮನುಷ್ಯರ ಹಣೆ ಒಡೆಯುತ್ತದೆ ಎನ್ನುವುದು ಆ ಮಂಗಳವಾರದವರೆಗೆ ಅವಳಿಗೂ ಗೊತ್ತಿರಲಿಲ್ಲ.

ಹೊಂಡುರಾಸಿನ ಬಯಲುಸೀಮೆಯಲ್ಲಿ, ಬಾಳೆತೋಟಗಳೂ ಬಟ್ಟೆ ಕಾರ್ಖಾನೆಗಳೂ ಒಂದರ ಮೈಮೇಲೊಂದು ಬಿದ್ದಿರುವ ಕಡೆ, ಲಾ ಸೆಯ್ಬಿತ ಎಂಬ ಊರು. ಅಲ್ಲಿಯ ಬಸ್ ನಿಲ್ದಾಣದ ಹಿಂದೆ ಹಸಿರು ಬಣ್ಣ ಬಳಿದ ಒಂದು ಕೋಣೆ. ಗಂಡನ ಕೈಯಲ್ಲಿ ಏಟು ತಿಂದ ಹೆಂಗಸರು ದೂರು ಕೊಡುವುದಕ್ಕೆ ಅಲ್ಲಿಗೆ ಬರುತ್ತಾರೆ. ಅವರು ಹೇಳಿದ್ದನ್ನು ಟೈಪು ಮಾಡಿ ಕಾಗದದ ಮೇಲೆ ಇಳಿಸುವುದು ನೆರೈದಾಳ ಕೆಲಸ. ಕಾಗದ ಹೊರಬಂದು, ಅದನ್ನು ಓದಿ ಹೇಳಿ, ಹೆಂಗಸು ಹೆಬ್ಬೆಟ್ಟು ಒತ್ತಿ, ಮೇಲೊಂದು ಮುದ್ರೆ ಬಿದ್ದರೆ ಪಕ್ಕದ ಕೋಣೆಯ ಪೊಲೀಸರು ಗಂಡನನ್ನು ಹಿಡಿಯಲೇಬೇಕು. ಮುದ್ರೆ ಬೀಳುವುದಕ್ಕೆ ಒಂದು ನಿಮಿಷ ಮುಂಚೆ ಗಂಡ ಒಳಗೆ ಬಂದನೋ, ಅದು ಸಂಸಾರದ ವಿಷಯ. ಅವನು ಅವಳ ರಟ್ಟೆ ಹಿಡಿದು ಎಬ್ಬಿಸಿ ಕರೆದುಕೊಂಡು ಹೋಗಬಹುದು. ಅವಳು ಕೂಡ ನೆಲ ನೋಡಿಕೊಂಡು, ಏನೂ ಆಗಿಲ್ಲ, ಜಾರಿಬಿದ್ದೆ ಎನ್ನುತ್ತಾಳೆ. ಕಚೇರಿಯ ವೇಳೆಯಲ್ಲಿ ಬಾಗಿಲು ತೆರೆದಿರತಕ್ಕದ್ದು ಎಂದು ಗೋಡೆಯ ಮೇಲೆ ಆಜ್ಞೆ ಬೇರೆ ಇತ್ತು. ಹೊಡೆಸಿಕೊಂಡವರಿಗೂ ತೆರೆದ ಬಾಗಿಲು, ಹೊಡೆದವರಿಗೂ ತೆರೆದ ಬಾಗಿಲು. ಈ ಆಜ್ಞೆ ಬರೆದ ಮಹಾನುಭಾವ ಒಂದು ದಿನವೂ ಆ ಕೋಣೆಯಲ್ಲಿ ಕೂತವನಲ್ಲ.

ಹಾಗಾಗಿ ಅಲ್ಲಿ ನಡೆಯುತ್ತಿದ್ದುದು ಓಟದ ಪಂದ್ಯ. ಹೆಂಗಸು ಅಡುಗೆಮನೆಯ ಹಿತ್ತಲಿನಿಂದ ನುಸುಳಿ ಬಸ್ಸು ಹಿಡಿದು ಬರುತ್ತಾಳೆ. ಪಕ್ಕದ ಮನೆಯವಳು ಗಂಡನಿಗೆ ಸುದ್ದಿ ಮುಟ್ಟಿಸುತ್ತಾಳೆ. ಅವನು ಆಟೋ ಹತ್ತುತ್ತಾನೆ. ಹೆಂಗಸು ಕುರ್ಚಿಯಲ್ಲಿ ಕೂತ ಮೇಲೆ ಗಂಡ ಬಾಗಿಲಿಗೆ ಬರುವುದಕ್ಕೆ ಹೆಚ್ಚೆಂದರೆ ಅರ್ಧ ಗಂಟೆ. ನೆರೈದಾಳಿಗೆ ಒಂದು ದೂರು ಮುಗಿಸುವುದಕ್ಕೆ ಐವತ್ತು ನಿಮಿಷ ಬೇಕಾಗುತ್ತಿತ್ತು. ಬೆರಳುಗಳೇನೋ ಚುರುಕಾಗಿದ್ದವು, ಹುಡುಗಿಯಾಗಿದ್ದಾಗ ಟೈಪಿಂಗ್ ಶಾಲೆಯಲ್ಲಿ ಸಿಸ್ಟರ್ ಒಬ್ಬಳು ಕೈಮೇಲೆ ಬಟ್ಟೆ ಹೊದಿಸಿ ಕಲಿಸಿದ್ದಳು. ಆದರೆ ಒಂದು ಸಾಲು ಹೊಡೆದು ಮೌಸು ಹಿಡಿ, ಬಾಣ ಎಲ್ಲಿದೆ ಹುಡುಕು, ಕ್ಲಿಕ್ಕು ಮಾಡು, ಹಳೇ ದೂರು ತೆರೆ, ಅದರಿಂದ ನಕಲು ತೆಗೆ, ಮತ್ತೆ ಮೌಸು. ಅಷ್ಟರಲ್ಲಿ ಗೇಟಿನ ಹತ್ತಿರ ಆಟೋ ನಿಂತ ಸದ್ದು. ಮೊದಲನೆಯ ವರ್ಷದಲ್ಲೇ ಅವಳ ಎದುರಿನ ಕುರ್ಚಿಯಿಂದ ಹನ್ನೊಂದು ಹೆಂಗಸರನ್ನು ಎಳೆದುಕೊಂಡು ಹೋಗಿದ್ದರು. ಅವರಲ್ಲಿ ಇಬ್ಬರ ಹೆಸರನ್ನು ಆಮೇಲೆ ಅವಳು ಬೇರೆ ಬಗೆಯ ಕಾಗದದಲ್ಲಿ, ಶವ ಸಿಕ್ಕ ಜಾಗದ ಜೊತೆಗೆ ಟೈಪು ಮಾಡಿದಳು.

ಮೌಸು ಬೀಸಿದವನ ಹೆಸರು ರೊಲಾಂಡೊ. ಒಳಗೆ ಬಂದವನೇ ಮಾತಿಲ್ಲ ಕತೆಯಿಲ್ಲ, ಹೆಂಡತಿಯ ಜುಟ್ಟನ್ನು ಕೈಗೆ ಎರಡು ಸುತ್ತು ಸುತ್ತಿ ಅವಳ ಮುಖವನ್ನು ಮೇಜಿಗೆ ಅಪ್ಪಳಿಸಿದ. ಹಲ್ಲೊಂದು ಕಾಗದದ ಕಟ್ಟಿನ ಮೇಲೆ ಬಿತ್ತು. ನೆರೈದಾ ಎದ್ದು ನಿಂತು ಮುದ್ರೆಯ ಹಿಡಿಯಿಂದ ಅವನ ಕಿವಿಗೆ ಒಂದು ಬಿಟ್ಟಳು. ಅವನು ಕೈಗೆ ಸಿಕ್ಕಿದ್ದನ್ನು ಕಿತ್ತು ಬೀಸಿದ. ಅವಳು ಕಣ್ಣಿಗಿಳಿದ ರಕ್ತ ಒರೆಸಿಕೊಂಡು ನೋಡುವಾಗ ಕುರ್ಚಿ ಖಾಲಿಯಾಗಿತ್ತು, ಪರದೆಯ ಮೇಲೆ ಅರ್ಧ ವಾಕ್ಯ ಹಾಗೇ ಉಳಿದಿತ್ತು.

ನೆರೈದಾ ಏನೂ ಸುಮ್ಮನೆ ಕೂರುವ ಹೆಂಗಸಲ್ಲ. ಅವಳ ಗಂಡನೂ ಒಂದು ಸಲ ಕೈಯೆತ್ತಿದ್ದ. ಅವನ ಅಂಗಿಯನ್ನೇ ಇಸ್ತ್ರಿ ಮಾಡುತ್ತಿದ್ದಳು, ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಇತ್ತು, ಕಾದಿತ್ತು. ಅವನೀಗ ಬಂದರಿನ ಊರಿನಲ್ಲಿ ಬೇರೊಬ್ಬಳ ಜೊತೆ ಇದ್ದಾನೆ, ಮಳೆಗಾಲದಲ್ಲಿ ಕುಂಟುತ್ತಾನೆ ಎಂದು ನೋಡಿದವರು ಹೇಳುತ್ತಾರೆ. ಆದರೆ ಪ್ರತಿ ಹೆಂಗಸಿನ ಕೈಯಲ್ಲೂ ಆ ಹೊತ್ತಿಗೆ ಸರಿಯಾಗಿ ಕಾದ ಇಸ್ತ್ರಿಪೆಟ್ಟಿಗೆ ಇರುವುದಿಲ್ಲವಲ್ಲ.

ಹಣೆಗೆ ಏಳು ಹೊಲಿಗೆ ಹಾಕಿಸಿಕೊಂಡು ಬಂದವಳು ಹೊಸ ಮೌಸು ಕೇಳಿದಳು. ಹಳೆಯದನ್ನು ಒಪ್ಪಿಸಿದರೆ ಹೊಸದು ಎಂದು ಉಗ್ರಾಣದವನು ಹೇಳಿದ. ಹಳೆಯದು ರೊಲಾಂಡೊನ ಮೇಲಿನ ಸಾಕ್ಷಿಯಾಗಿ ಪೊಲೀಸರ ಚೀಲದಲ್ಲಿ ಮೊಹರಾಗಿ ಕೂತಿತ್ತು. ಮೂರು ಅರ್ಜಿ ಹಾಕಿದಳು. ಮೂರಕ್ಕೂ ಅದೇ ಉತ್ತರ ಬಂತು.

ಹೀಗೆ, ಗತಿಯಿಲ್ಲದೆ, ಅವಳು ಕೀಬೋರ್ಡಿನ ಕೀಲಿಗಳಿಗೆ ಬಿದ್ದಳು. ಮೊದಲ ದಿನ ಪರದೆಯ ಬಾಣ ಒಂದು ಮೂಲೆಯಲ್ಲಿ ಸತ್ತ ನೊಣದ ಹಾಗೆ ಬಿದ್ದಿತ್ತು; ಅದನ್ನು ಕದಲಿಸುವ ದಾರಿಯೇ ಇಲ್ಲ. ಸಿಟ್ಟಿನಲ್ಲಿ ಕೀಬೋರ್ಡಿನ ಮೇಲೆ ಕುಟ್ಟಿದಾಗ ಯಾವುದೋ ಕೀಲಿ ತಗಲಿ ಪಟ್ಟಿಯೊಂದು ಇಳಿಯಿತು. ಓಹೋ, ಹೀಗೋ ಎಂದುಕೊಂಡಳು. ಅದು ಸ್ಪ್ಯಾನಿಷ್ ಭಾಷೆಯ ಯಂತ್ರ, ಕೀಲಿಗಳೂ ಆ ಭಾಷೆಗೆ ತಕ್ಕವು: ಕಂಟ್ರೋಲ್ ಒತ್ತಿಕೊಂಡು ಜಿ ಒತ್ತಿದರೆ ಬರೆದದ್ದು ಉಳಿಯುತ್ತದೆ. ಬಿ ಒತ್ತಿದರೆ ಹಳೆಯ ಹೆಸರು ಹುಡುಕಿಕೊಡುತ್ತದೆ. ಇ ಒತ್ತಿದರೆ ಬರೆದದ್ದಷ್ಟೂ ಒಟ್ಟಿಗೆ ಆಯ್ಕೆಯಾಗುತ್ತದೆ. ಪಿ ಒತ್ತಿದರೆ ಪ್ರಿಂಟರು ಕೆಮ್ಮಿ ಎದ್ದು ಕೂರುತ್ತದೆ. ಒಂದೊಂದನ್ನೂ ಗೋಡೆಯ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದಿಟ್ಟಳು. ಕಲಿಸುವವರಿಲ್ಲ, ಊಟದ ಬಿಡುವಿನಲ್ಲಿ ಎಡಗೈಯಲ್ಲಿ ಬೀನ್ಸ್ ಕಾಳು ತುಂಬಿ ಸುತ್ತಿದ ರೊಟ್ಟಿ, ಬಲಗೈಯಲ್ಲಿ ಕೀಲಿಗಳ ಶೋಧನೆ. ಹೊಸದೊಂದು ಸಿಕ್ಕಿದ ದಿನ ಗೇಟಿನ ಕಾವಲುಗಾರ ಡೊನ್ ಚೆಪೆಯನ್ನು ಕೂಗಿ ಕರೆದು ತೋರಿಸುತ್ತಿದ್ದಳು. ಅರವತ್ತು ದಾಟಿದ ಆ ಮುದುಕನಿಗೆ ತಲೆಬುಡ ತಿಳಿಯುತ್ತಿರಲಿಲ್ಲ, ಆದರೂ ಟೋಪಿ ತೆಗೆದು, ಅಮ್ಮಾವ್ರೇ ಎನ್ನುವ ಗೌರವದಲ್ಲಿ ಡೋನ್ಯ ಡೋನ್ಯ ಎಂದು ತಲೆದೂಗುತ್ತಿದ್ದ.

ಐವತ್ತು ನಿಮಿಷದ ಕೆಲಸ ಮೂವತ್ತೈದಕ್ಕೆ ಬಂತು. ಆಮೇಲೆ ಇಪ್ಪತ್ತೆಂಟು. ಅವಳಿಗೆ ಸಮಾಧಾನವಿಲ್ಲ, ಯಾಕೆಂದರೆ ಆಟೋದವರೂ ಆ ವರ್ಷ ಹೊಸ ಗಾಡಿ ತೆಗೆದುಕೊಂಡಿದ್ದರು.

ದೊಡ್ಡ ನಿಧಿ ಸಿಕ್ಕಿದ್ದು ಈಸ್ಟರ್ ಕಳೆದ ಮೇಲೆ. ಎರಡಕ್ಷರ ಹೊಡೆದು ಮೇಲಿನ ಸಾಲಿನ ಮೂರನೆಯ ಕೀಲಿ ಒತ್ತಿದರೆ, ಮೊದಲೇ ಕೂಡಿಟ್ಟ ಒಂದು ಇಡೀ ಪ್ಯಾರಾ ತಾನಾಗಿ ಬಂದು ಬೀಳುತ್ತದೆ! ಮೊದಲು ಕಚೇರಿಯ ಹೆಸರು ವಿಳಾಸಕ್ಕೆ ಒಂದು ಜೋಡಿ ಅಕ್ಷರ ಇಟ್ಟಳು. ಆಮೇಲೆ ಕಾನೂನಿನ ಕಲಮುಗಳಿಗೆ. ಕಡೆಗೆ ಏಟಿಗೆ. ಜಿ ಮತ್ತು ಎ ಒತ್ತಿ ಆ ಕೀಲಿ ಒತ್ತಿದರೆ ಹೀಗೆ ಬರುತ್ತಿತ್ತು: "ಸದರಿ ಆರೋಪಿಯು ಕುಡಿದು ಮನೆಗೆ ಬಂದು, ನನ್ನನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿ, ತೆರೆದ ಅಂಗೈಯಿಂದ ಮುಖದ ಎಡಭಾಗಕ್ಕೆ ಹೊಡೆದು, ಜುಟ್ಟು ಹಿಡಿದು ನೆಲಕ್ಕೆ ಕೆಡವಿ, ಪಕ್ಕೆಲುಬಿಗೆ ಒದ್ದಿರುತ್ತಾನೆ."

ಸುಳ್ಳೇ? ಹತ್ತರಲ್ಲಿ ಎಂಟು ಹೆಂಗಸರಿಗೆ ಆಗಿದ್ದು ಅದೇ. ಕುಡಿತ, ಬೈಗುಳ, ಕಪಾಳ, ಜುಟ್ಟು, ಒದೆ. ನಮ್ಮ ಗಂಡಸರಿಗೆ ಹೊಡೆಯುವುದರಲ್ಲೂ ಹೊಸತೇನೂ ಹೊಳೆಯುವುದಿಲ್ಲ. ಮೊದಮೊದಲು ಅವಳು ಆ ಪ್ಯಾರಾ ಬಿದ್ದ ಮೇಲೆ ತಿದ್ದುತ್ತಿದ್ದಳು: ಒಬ್ಬಳಿಗೆ ಎಡಭಾಗ ತೆಗೆದು ಬಲಭಾಗ, ಇನ್ನೊಬ್ಬಳಿಗೆ ಅಂಗೈ ತೆಗೆದು ಬೆಲ್ಟು. ಬರಬರುತ್ತಾ ತಿದ್ದುವುದು ನಿಂತಿತು. ಓದಿ ಹೇಳಿದಾಗ ಹೆಂಗಸರು ಹೂಂ ಎನ್ನುತ್ತಿದ್ದರು. ಬಾಗಿಲಿನ ಕಡೆ ಒಂದು ಕಣ್ಣಿಟ್ಟು ಕೂತವರು ಎಡ ಬಲ ಎಂದು ಜಗಳಕ್ಕೆ ನಿಲ್ಲುತ್ತಾರೆಯೇ? ಹೂಂ, ಅಷ್ಟೇ, ಎಲ್ಲಿ ಒತ್ತಲಿ ಎಂದು ಹೆಬ್ಬೆಟ್ಟು ಚಾಚುತ್ತಿದ್ದರು.

ದೂರು ಹದಿನಾಲ್ಕು ನಿಮಿಷಕ್ಕೆ ಇಳಿಯಿತು. ಆ ವರ್ಷ ಅವಳ ಕುರ್ಚಿಯಿಂದ ಎಳೆಸಿಕೊಂಡು ಹೋದವಳು ಒಬ್ಬಳೇ ಒಬ್ಬಳು. ಗಂಡಂದಿರು ಏದುಸಿರು ಬಿಡುತ್ತಾ ಬಂದರೆ ಮುದ್ರೆಯ ಮಸಿ ಆಗಲೇ ಒಣಗಿರುತ್ತಿತ್ತು, ಪೊಲೀಸರು ಬೇಡಿ ಹಿಡಿದು ನಿಂತಿರುತ್ತಿದ್ದರು. ನೆರೈದಾ ಕುರ್ಚಿಯಿಂದ ಏಳದೆ ಅವರ ಮುಖ ನೋಡುತ್ತಿದ್ದಳು. ಅದರ ಸುಖ ಅವಳಿಗೆ ಊಟಕ್ಕಿಂತ ಹೆಚ್ಚಾಗಿತ್ತು. ಆ ಸುಖವನ್ನು ನಾನು ತಪ್ಪು ಎನ್ನಲಾರೆ.

ಡೆಲ್ಮಿ ಒರೆಯಾನ ಬಂದದ್ದು ಆಗಸ್ಟ್ ತಿಂಗಳ ಒಂದು ಬೆಳಗ್ಗೆ. ಬಟ್ಟೆ ಕಾರ್ಖಾನೆಯ ಗೇಟಿನ ಮುಂದೆ ಹೆಂಚಿಟ್ಟುಕೊಂಡು, ಎರಡು ಅಂಗೈ ನಡುವೆ ಹಿಟ್ಟು ತಟ್ಟಿ ತಟ್ಟಿ ರೊಟ್ಟಿ ಬೇಯಿಸಿ ಮಾರುವವಳು. ಪಾಳಿ ಬಿಡುವ ಹೊತ್ತಿಗೆ ಅವಳ ತಟ್ಟುವ ಸದ್ದು ಬೀದಿಯ ಕೊನೆಗೆ ಕೇಳಿಸುತ್ತಿತ್ತು. ಮೂವತ್ತೊಂದು ವಯಸ್ಸು, ಗಟ್ಟಿ ಆಳು, ಮಾತು ಕಡಿಮೆ. ಬಲಗೈಗೆ ಒದ್ದೆ ಟವಲು ಸುತ್ತಿಕೊಂಡು ಬಂದು ಕೂತಳು. ಟವಲು ಬಿಚ್ಚಿ ಮೇಜಿನ ಮೇಲೆ ಕೈ ಇಟ್ಟಳು. ಅಂಗೈಯ ಚರ್ಮ ಅಷ್ಟೂ ಎದ್ದುಹೋಗಿ ಬೆರಳುಗಳು ಒಂದಕ್ಕೊಂದು ಅಂಟಿದ್ದವು.

ಗಂಡ ಎಲ್ಮೆರ್ ಕಸಾಯಿಖಾನೆಯಲ್ಲಿ ಕೆಲಸಕ್ಕಿದ್ದ. ಹಿಂದಿನ ಸಂಜೆ ಮನೆಯಲ್ಲಿ, ಕುಡಿಯದೆ, ಬೈಯದೆ, ಶಾಂತವಾಗಿಯೇ ಅವಳ ಹಿಂದೆ ಬಂದು ನಿಂತು, ಮುಂಗೈ ಹಿಡಿದು, ಕಾದ ಹೆಂಚಿನ ಮೇಲೆ ಅವಳ ಅಂಗೈಯಿಟ್ಟು ಒತ್ತಿದ. ಮೇಲೆ ತನ್ನ ಮೊಣಕೈ ಊರಿದ. ಕಾರ್ಖಾನೆಯ ಯಾವನೋ ರೊಟ್ಟಿ ಕೊಳ್ಳುವಾಗ ಅವಳ ಕೈ ಮುಟ್ಟಿದ್ದನಂತೆ. ಹತ್ತರವರೆಗೆ ಎಣಿಸಿದ ಎಂದು ಡೆಲ್ಮಿ ಹೇಳಿದಳು. ದೊಡ್ಡ ದನಿಯಲ್ಲಿ ಎಣಿಸಿದನಂತೆ.

ನೆರೈದಾ ಹೆಸರು, ಗುರುತಿನ ಸಂಖ್ಯೆ, ವಿಳಾಸ ಎಲ್ಲ ಹೊಡೆದು ಮುಗಿಸಿದ್ದಳು. ಅಷ್ಟರಲ್ಲಿ ಡೊನ್ ಚೆಪೆ ಬೀಗದಕೈ ಗೊಂಚಲಿನಿಂದ ಗೇಟಿನ ಕಂಬಿಗೆ ಎರಡು ಸಲ ಬಡಿದ. ಆಟೋ ತಿರುವಿನಲ್ಲಿದೆ ಎಂದು ಅದರರ್ಥ. ಅವಳ ಬೆರಳುಗಳು ಯೋಚಿಸಲಿಲ್ಲ. ಜಿ, ಎ, ಮೂರನೆಯ ಕೀಲಿ. ಪ್ಯಾರಾ ಬಿತ್ತು. ಕಂಟ್ರೋಲ್ ಪಿ. ಪ್ರಿಂಟರು ಕೆಮ್ಮಿತು. ಓಡುವ ದನಿಯಲ್ಲಿ ಓದಿ ಹೇಳಿದಳು.

"ಕೈ ಬಗ್ಗೆ ಬರೀಲಿಲ್ವಾ ಡೋನ್ಯ?" ಎಂದಳು ಡೆಲ್ಮಿ.

"ಕೈ ವಿಷ್ಯ ಡಾಕ್ಟ್ರು ಬರೀತಾರೆ ಮಗಳೇ. ಎಡಗೈ ಹೆಬ್ಬೆಟ್ಟು ಕೊಡು, ಬೇಗ."

ಮುದ್ರೆ ಬಿತ್ತು. ಎಲ್ಮೆರ್ ಹೊಸ್ತಿಲ ಮೇಲೆ ಕಾಲಿಟ್ಟ. ಅವನ ಕೈಗೆ ಬೇಡಿ ಬಿತ್ತು. ಒಟ್ಟು ಒಂಬತ್ತು ನಿಮಿಷ. ಅದಕ್ಕಿಂತ ಬೇಗ ಅವಳು ಯಾವತ್ತೂ ಮುಗಿಸಿರಲಿಲ್ಲ. ಬೇಡಿ ಹಾಕಿಸಿಕೊಳ್ಳುವಾಗ ಅವನು ಹೆಂಡತಿಯನ್ನಲ್ಲ, ನೆರೈದಾಳನ್ನು ನೋಡಿ ಮುಗುಳ್ನಕ್ಕ. ಅವಳು ಕ್ಯಾಲೆಂಡರಿನ ಹಿಂದೆ ಒಂಬತ್ತು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು.

ಡಾಕ್ಟರು ಗುರುವಾರಗಳಂದು ಮಾತ್ರ ಬರುವವರು. ಅವರು ನೋಡುವ ಹೊತ್ತಿಗೆ ನಾಟಿ ಮುಲಾಮು ಮೆತ್ತಿಕೊಂಡಿದ್ದ ಕೈ ಕೀವು ತುಂಬಿತ್ತು. ಸುಟ್ಟ ಗಾಯ, ಕಾರಣ ತಿಳಿಯದು, ವೃತ್ತಿಯಿಂದಲೂ ಆಗಿರಬಹುದು ಎಂದು ಒಂದು ಸಾಲು ಗೀಚಿದರು.

ಮೂರು ವಾರದ ಮೇಲೆ ವಿಚಾರಣೆ. ದೂರು ಬರೆದವಳೆಂದು ನೆರೈದಾಳನ್ನೂ ಕರೆಸಿದ್ದರು. ಎಲ್ಮೆರನ ವಕೀಲ ಬುಸ್ತಿಯೊ, ಬಿಳಿ ಅಂಗಿ ತೊಟ್ಟು ಸುಗಂಧ ಪೂಸಿಕೊಂಡವನು, ತನ್ನ ಚೀಲದಿಂದ ಏಳು ಕಾಗದ ತೆಗೆದು ನ್ಯಾಯಾಧೀಶರ ಮುಂದೆ ಸಾಲಾಗಿ ಹಾಸಿದ. ಏಳು ಹೆಂಗಸರ ಏಳು ದೂರು. ಮೊದಲನೆಯದನ್ನು ಓದಿದ. ಎರಡನೆಯದನ್ನು ಓದಿದ. ಮೂರನೆಯದನ್ನು ಓದುವಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ತೆರೆದ ಅಂಗೈಯಿಂದ ಮುಖದ ಎಡಭಾಗಕ್ಕೆ. ತೆರೆದ ಅಂಗೈಯಿಂದ ಮುಖದ ಎಡಭಾಗಕ್ಕೆ. ಏಳರಲ್ಲೂ ಒಂದು ಅಲ್ಪವಿರಾಮ ಕೂಡ ಆಚೆ ಈಚೆ ಇರಲಿಲ್ಲ.

"ಈ ಊರಿನ ಗಂಡಸ್ರೆಲ್ಲ ಒಂದೇ ಮೇಷ್ಟ್ರ ಹತ್ರ ಹೊಡೆಯೋದು ಕಲಿತ್ರಾ ಸ್ವಾಮಿ?" ಎಂದು ಕೇಳಿದ. "ಇಲ್ಲಾ, ಹೊಡೆಸ್ಕೊಂಡೋರ್ಗೆಲ್ಲ ಒಬ್ಬಳೇ ಹೇಳ್ಕೊಟ್ಳಾ?"

ಆಮೇಲೆ ಡೆಲ್ಮಿಯ ಕೈ ಎತ್ತಿಸಿ ಎಲ್ಲರಿಗೂ ತೋರಿಸಿದ. ಈ ಕೈ ಸುಟ್ಟಿದೆ, ನಿಜ. ಗಂಡ ಸುಟ್ಟಿದ್ದರೆ ದೂರಿನಲ್ಲಿ ಅದು ಯಾಕಿಲ್ಲ? ಹೆಂಚಿನ ಮುಂದೆ ಕೂತು ಬದುಕುವವಳ ಕೈ ಸುಡದೆ ಇನ್ನಾರದ್ದು ಸುಡಬೇಕು? ಡೆಲ್ಮಿ ಬಾಯಿ ತೆರೆದಳು. ಬರೆದುಕೊಟ್ಟಾಗಿದೆಯಲ್ಲ, ಕೂತುಕೊಳ್ಳಮ್ಮ ಎಂದರು ನ್ಯಾಯಾಧೀಶರು. ಅವಳು ಕತ್ತು ತಿರುಗಿಸಿ ನೆರೈದಾಳನ್ನು ನೋಡಿದಳು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು; ಆ ನೋಟದಲ್ಲಿ, ನೀವಾದರೂ ಹೇಳಿ ಎನ್ನುವ ಬೇಡಿಕೆ ಇತ್ತು. ನೆರೈದಾ ಎದ್ದು ನಿಂತು ಹೇಳಿದಳು: ಎರಡಕ್ಷರದ ಕೀಲಿಯ ವಿಷಯ, ಆಟೋದ ವಿಷಯ, ಒಂಬತ್ತು ನಿಮಿಷದ ವಿಷಯ. ಹೇಳಿದಷ್ಟೂ ಕೆಟ್ಟಿತು. ಹಾಗಾದರೆ ಹೆಂಗಸರು ಬರುವ ಮುಂಚೆಯೇ ದೂರು ಬರೆದಿರುತ್ತಿತ್ತು ಅನ್ನಿ ಎಂದು ಬುಸ್ತಿಯೊ ಕೂತ.

ಮಧ್ಯಾಹ್ನ ಹನ್ನೆರಡಕ್ಕೆ ಎಲ್ಮೆರನನ್ನು ಬಿಟ್ಟರು. ಉಳಿದ ಆರು ಗಂಡಂದಿರ ವಕೀಲರೂ ಆ ವಾರವೇ ಬಿಡುಗಡೆಗೆ ಅರ್ಜಿ ಹಾಕಿಕೊಂಡರು.

ಡೆಲ್ಮಿ ಅಲ್ಲಿಂದ ಎಲ್ಲಿಗೆ ಹೋಗಬೇಕಿತ್ತು? ಅಕ್ಕನ ಮನೆಯಲ್ಲಿ ಮಲಗುತ್ತಿದ್ದಳು, ಆದರೆ ಹೊಟ್ಟೆಪಾಡು ಕಾರ್ಖಾನೆಯ ಗೇಟಿನಲ್ಲಿತ್ತು. ಎಡಗೈಯಲ್ಲಿ ತಟ್ಟಿ ಬಲಗೈ ಮಣಿಕಟ್ಟಿನಿಂದ ಒತ್ತಿ ಹೇಗೋ ರೊಟ್ಟಿ ಮಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಅವತ್ತೇ ಮೂರು ಗಂಟೆಗೆ ಪಾಳಿ ಬಿಟ್ಟಿತು. ಇನ್ನೂರು ಜನ ಹೊರಗೆ ಬರುತ್ತಿದ್ದರು. ಎಲ್ಮೆರ್ ಅವರ ನಡುವೆ ದಾರಿ ಬಿಡಿಸಿಕೊಂಡು, ಕಾಲಿಗೆ ಆನಿಸಿ ಹಿಡಿದ ಮಚ್ಚಿನೊಂದಿಗೆ, ಅವಸರವಿಲ್ಲದೆ ನಡೆದು ಬಂದ.

"ಕೈ ತೋರಿಸಿದ್ಯಲ್ಲ ಎಲ್ರಿಗೂ," ಎಂದ. "ಈಗ ತೋರ್ಸು."

ಹೆಂಚಿನ ಪಕ್ಕದ ಹಲಗೆಯ ಮೇಲೆ, ಹಿಟ್ಟಿನ ಉಂಡೆಗಳ ನಡುವೆ ಅವಳ ಕೈ ಒತ್ತಿ ಹಿಡಿದ. ಮಾಂಸ ಕಡಿಯುವವನ ಕೈ ಅದು, ಎರಡನೆಯ ಪೆಟ್ಟು ಬೇಕಾಗಲಿಲ್ಲ. ಮೊದಲ ಪೆಟ್ಟಿಗೇ ಮಣಿಕಟ್ಟು ಬೇರೆಯಾಯಿತು. ಆಮೇಲೆ ಕುತ್ತಿಗೆಗೆ ಬೀಸಿದ. ಅವಳು ಹಿಂದಕ್ಕೆ ಬಿದ್ದದ್ದರಿಂದ ಅದು ಭುಜಕ್ಕೆ ಇಳಿಯಿತು. ಹೊಲಿಗೆಯ ಹೆಂಗಸರು ಕಲ್ಲು, ಚಪ್ಪಲಿ, ಕಾದ ಬೀನ್ಸಿನ ಪಾತ್ರೆ, ಸಿಕ್ಕಿದ್ದನ್ನೆಲ್ಲ ಅವನ ಮೇಲೆ ಎಸೆದರು. ಪಾತ್ರೆ ಅವನ ಮುಖಕ್ಕೆ ಬಡಿಯಿತು. ಅವನು ಬಗ್ಗಿ, ಕಡಿದ ಕೈಯನ್ನು ಎತ್ತಿಕೊಂಡು ಕಬ್ಬಿನ ಗದ್ದೆಯತ್ತ ಓಡಿದ. ಬೆಂದ ಅಂಗೈಯೊಂದೇ ಅವನ ಮೇಲಿದ್ದ ಸಾಕ್ಷಿ. ಅದನ್ನು ಅವನು ಅಲ್ಲಿ ಬಿಟ್ಟುಹೋಗಲಿಲ್ಲ.

ಸುದ್ದಿ ಬಂದಾಗ ನೆರೈದಾ ಇನ್ನೊಬ್ಬಳ ದೂರಿನ ಮಧ್ಯದಲ್ಲಿದ್ದಳು. ಡೊನ್ ಚೆಪೆ ಬಾಗಿಲಲ್ಲಿ ನಿಂತು ಹೇಳಿ ಮುಗಿಸಿದ ಮೇಲೆ ಅವಳು ಕೀಬೋರ್ಡು ಕಿತ್ತು ಗೋಡೆಗೆ ಎಸೆದಳು. ಅಕ್ಷರದ ಗುಂಡಿಗಳು ಕೋಣೆಯ ತುಂಬ ಚೆಲ್ಲಿದವು. ಆಮೇಲೆ ಅವಳೇ ಮಂಡಿಯೂರಿ ಒಂದೊಂದನ್ನೂ ಹೆಕ್ಕಿ ಮತ್ತೆ ಕೂರಿಸಿದಳು, ಏಕೆಂದರೆ ಎದುರಿನ ಕುರ್ಚಿಯ ಹೆಂಗಸು ಇನ್ನೂ ಕೂತೇ ಇದ್ದಳು.

ಐದನೆಯ ದಿನ ಡೆಲ್ಮಿಗೆ ಮಾತಾಡುವಷ್ಟು ಶಕ್ತಿ ಬಂದಿದೆ ಎಂದು ಆಸ್ಪತ್ರೆಯಿಂದ ಹೇಳಿಕಳಿಸಿದರು. ಕಚೇರಿಯ ಹಳೇ ಲ್ಯಾಪ್‌ಟಾಪು ಹೊತ್ತುಕೊಂಡು ನೆರೈದಾ ಹೋದಳು. ಎಲ್ಮೆರ್ ಇನ್ನೂ ಸಿಕ್ಕಿರಲಿಲ್ಲ. ವಾರ್ಡಿನ ಬಾಗಿಲಿನಲ್ಲಿ ಒಬ್ಬ ಪೊಲೀಸು ಬಂದೂಕಿನ ಮೇಲೆ ಗಲ್ಲ ಊರಿ ತೂಕಡಿಸುತ್ತಿದ್ದ. ಅವನ ಕಾಲು ತುಳಿದು ಎಬ್ಬಿಸಿ ಒಳಗೆ ಹೋದಳು. ಡೆಲ್ಮಿ ಗೋಡೆಗೆ ಒರಗಿ ಕೂತಿದ್ದಳು. ಬಲತೋಳು ಬಟ್ಟೆಯ ಉಂಡೆಯಲ್ಲಿ ಕೊನೆಗೊಂಡಿತ್ತು.

ಏನು ಹೇಳಬೇಕೆಂದು ನೆರೈದಾ ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದಳು. ಅದನ್ನೆಲ್ಲ ಬಿಟ್ಟು, ಹಾಸಿಗೆಯ ಅಂಚಿನಲ್ಲಿ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪು ತೆರೆದು, ಹೆಸರು ವಿಳಾಸ ಹೊಡೆದಳು. ಆಮೇಲೆ ಏನಾಯಿತೆಂದರೆ, ಅವಳ ಬೆರಳುಗಳು ಅವಳನ್ನು ಕೇಳದೆ ಜಿ ಒತ್ತಿದವು, ಎ ಒತ್ತಿದವು, ಮೂರನೆಯ ಕೀಲಿ ಒತ್ತಿದವು. ಕುಡಿದು ಮನೆಗೆ ಬಂದು, ಅವಾಚ್ಯ ಶಬ್ದಗಳಿಂದ, ತೆರೆದ ಅಂಗೈಯಿಂದ. ಡೆಲ್ಮಿಗೆ ಓದಲು ಬರುತ್ತಿತ್ತು. ಪರದೆಯ ಕಡೆ ಬಾಗಿ ನಿಧಾನವಾಗಿ ಓದಿದಳು.

"ಇವಳ್ಯಾರು?" ಎಂದಳು. "ಇವಳು ನಾನಲ್ಲ."

ನೆರೈದಾ ಕಂಟ್ರೋಲ್ ಒತ್ತಿಕೊಂಡು ಇ ಒತ್ತಿದಳು, ಎಲ್ಲ ಆಯ್ಕೆಯಾಯಿತು, ಅಳಿಸಿದಳು. ಆಮೇಲೆ ಆ ಪಟ್ಟಿಯನ್ನೇ ತೆರೆದು, ಅದರೊಳಗಿನ ಜಿ ಎ ಎಂಬುದನ್ನೂ ಬೇರುಸಹಿತ ಕಿತ್ತುಹಾಕಿದಳು. ಕಣ್ಣೀರು ಕೀಲಿಗಳ ಮೇಲೆ ಬೀಳುತ್ತಿತ್ತು, ಅಂಗಿಯ ತೋಳಿನಲ್ಲೇ ಒರೆಸಿದಳು.

"ತಪ್ಪು ನಂದು ಮಗಳೇ. ನೀನು ಹೇಳು. ಆಗಿದ್ದ ಹಾಗೇ ಹೇಳು."

"ಅವ್ನು ಇಲ್ಲಿಗೂ ಬರಬಹುದು. ಟೈಮಿದ್ಯಾ ನಿಮ್ಗೆ?"

"ಬಂದ್ರೆ ಬರ್ಲಿ. ನೀನು ಹೇಳು."

ಡೆಲ್ಮಿ ಬೀನ್ಸಿನಿಂದ ಶುರುಮಾಡಿದಳು. ಕೈ ಸುಟ್ಟ ಆ ಗುರುವಾರ ಸಂಜೆ ಬೀನ್ಸ್ ಬೇಯುವುದಕ್ಕೆ ಹೊತ್ತು ಹಿಡಿದಿತ್ತು, ಹೊಸ ಚೀಲದ ಬೀನ್ಸ್ ಗಟ್ಟಿ. ಬಾನುಲಿಯಲ್ಲಿ ಫುಟ್ಬಾಲ್ ಪಂದ್ಯ. ಎಲ್ಮೆರ್ ಸ್ನಾನ ಮಾಡಿ, ಕೂದಲು ಬಾಚಿಕೊಂಡು ಬಂದಿದ್ದ. ಅವನು ಎಣಿಸುವಾಗ ನಾಲ್ಕರ ಹತ್ತಿರ ಪಂದ್ಯದಲ್ಲಿ ಗೋಲಾಯಿತು. ಅವನು ಕತ್ತು ತಿರುಗಿಸಿ ಕೇಳಿ, ಎಲ್ಲಿಗೆ ನಿಲ್ಲಿಸಿದೆನೆಂದು ಮರೆತು, ಮತ್ತೆ ಒಂದರಿಂದ ಎಣಿಸಿದ. ನೆರೈದಾ ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ಬರೆದಳು. ಎರಡು ಗಂಟೆ ನಲವತ್ತು ನಿಮಿಷ ಹಿಡಿಯಿತು. ಎಂಟು ಪುಟ. ಕಡೆಯಲ್ಲಿ ಡೆಲ್ಮಿ ಎಡಗೈ ಹೆಬ್ಬೆಟ್ಟು ಒತ್ತಿದಳು.

ಹನ್ನೊಂದನೆಯ ದಿನ ಕಬ್ಬಿನ ಗದ್ದೆಯ ಪಂಪಿನ ಮನೆಯಲ್ಲಿ ಎಲ್ಮೆರ್ ಸಿಕ್ಕಿದ. ಹೊಡೆದಾಟದಲ್ಲಿ ಪೊಲೀಸರು ಅವನ ದವಡೆ ಮುರಿದರು. ಅದಕ್ಕಾಗಿ ಯಾರೂ ದೂರು ಕೊಡಲಿಲ್ಲ. ಆ ಎಂಟು ಪುಟಗಳನ್ನು ನ್ಯಾಯಾಲಯದಲ್ಲಿ ಓದುವಾಗ, ಗೋಲಿನ ಮಾತು ಬಂದ ಮೇಲೆ, ಬುಸ್ತಿಯೊ ಒಂದು ಸಲವೂ ಎದ್ದು ನಿಲ್ಲಲಿಲ್ಲ. ಎಲ್ಮೆರ್ ಈಗ ಸೆರೆಮನೆಯಲ್ಲಿದ್ದಾನೆ. ಡೆಲ್ಮಿಯ ಕೈ ಮಾತ್ರ ಸಿಗಲಿಲ್ಲ. ಅವಳ ಹೆಂಚಿನ ಮುಂದೆ ಈಗ ಅಕ್ಕ ತಟ್ಟುತ್ತಾಳೆ, ಅವಳು ಬೇಯಿಸುತ್ತಾಳೆ.

ನೆರೈದಾ ಕೀಲಿಗಳನ್ನು ಬಿಟ್ಟಳೆಂದಲ್ಲ. ಹೆಸರು, ವಿಳಾಸ, ಕಲಮು, ಉಳಿಸುವುದು, ಹುಡುಕುವುದು ಎಲ್ಲಕ್ಕೂ ಇವತ್ತಿಗೂ ಅವಳ ಬೆರಳು ಮಿಂಚಿನ ಹಾಗೆ ಓಡುತ್ತವೆ. ಮೌಸು ಇವತ್ತಿಗೂ ಬಂದಿಲ್ಲ. ಏಟು ಬಂದ ಕಡೆ ಮಾತ್ರ ಬೆರಳು ನಿಧಾನವಾಗುತ್ತವೆ. ಹಾಗೆ ಬರೆದು ದೂರು ಮತ್ತೆ ಒಂದು ಗಂಟೆಗೆ ಹೋಯಿತು, ಆಟೋಗಳು ಅರ್ಧ ಗಂಟೆಗೇ ಬರುತ್ತಿದ್ದವು. ಹೊತ್ತು ಉಳಿಸುವುದಕ್ಕೆ ಅವಳು ಮೂರು ವರ್ಷ ಕೀಬೋರ್ಡಿನ ಮೇಲೆ ಹುಡುಕಿದ್ದಳು. ಅದು ಬೆನ್ನ ಹಿಂದೆಯೇ ನಿಂತಿತ್ತು. ನಮ್ಮ ಕಡೆ ಚಂಡಮಾರುತಕ್ಕೆಂದು ಪ್ರತಿ ಕಟ್ಟಡದ ಬಾಗಿಲಿಗೂ ಅಡ್ಡ ಹಾಕುವ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಆ ಕೋಣೆಯದು ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿತ್ತು. ಅವಳು ಅದಕ್ಕೆ ತನ್ನ ಕೊಡೆ ನೇತುಹಾಕುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮರುದಿನವೇ ಗೋಡೆಯ ಆಜ್ಞೆಯನ್ನು ಹರಿದು ಬುಟ್ಟಿಗೆ ಹಾಕಿದಳು. ಕೆಲಸ ಹೋಗುತ್ತೆ ಡೋನ್ಯ ಎಂದು ಡೊನ್ ಚೆಪೆ ಹೆದರಿಸಿದ. ಹೋದರೆ ಹೋಗಲಿ, ಪಟ್ಟಿಯ ಆ ತುದಿ ಹಿಡಿದುಕೊಳ್ಳಿ ಎಂದಳು.

ಮೊನ್ನೆ ಮೊನ್ನೆ, ಒಬ್ಬ ಚಿಕ್ಕ ವಯಸ್ಸಿನ ಹೆಂಗಸು ಆ ಕುರ್ಚಿಯಲ್ಲಿ ಕೂತಿದ್ದಳು, ಬೆಲ್ಟಿನ ಏಟಿಗೆ ತುಟಿ ಸೀಳಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಹೊರಗೆ ಅವಳ ಗಂಡ ಬಾಗಿಲು ಒದೆಯುತ್ತಿದ್ದ. ಒಂದೊಂದು ಒದೆಗೂ ಗೋಡೆಯ ಸುಣ್ಣ ಉದುರುತ್ತಿತ್ತು, ಅವನ ಬೈಗುಳದಲ್ಲಿ ಎಲ್ಲರ ತಾಯಿ ತಂಗಿಯರೂ ಬಂದು ಹೋಗುತ್ತಿದ್ದರು. ಹುಡುಗಿ ಕುರ್ಚಿಯಲ್ಲಿ ಮುದುಡಿ, ಬೇಗ ಬರೀರಿ ಡೋನ್ಯ, ಏನಾದ್ರೂ ಒಂದು ಬರ್ದು ಮುಗಿಸಿ ಎಂದು ಗೋಗರೆಯುತ್ತಿದ್ದಳು. ನೆರೈದಾ ಬಾಗಿಲಿನ ಕಡೆ ಒಮ್ಮೆ ನೋಡಿದಳು, ಹುಬ್ಬಿನ ಗುರುತನ್ನು ಬೆರಳಿನಿಂದ ಸವರಿಕೊಂಡಳು, ಮತ್ತೆ ಕೀಲಿಗಳ ಮೇಲೆ ಕೈ ಇಟ್ಟಳು.

"ಬಾಗಿಲು ಗಟ್ಟಿಯಾಗಿದೆ ಮಗಳೇ," ಎಂದಳು. "ಬೆಲ್ಟು ಯಾವ ಬಣ್ಣದ್ದು, ಹೇಳು."